ಮನೆಗೂ ಬೇಕೇ ವಿಮೆ? ಶರವಣಂಪಟ್ಟಿ ಸುತ್ತಲಿನ ಹಳ್ಳಿಗಳಿಗೊಂದು ಲೆಕ್ಕ

ಕೊಯಮತ್ತೂರು: ಬೈಕಿಗೆ ವಿಮೆ ಇದೆ, ಹಸುವಿಗೂ ಇದೆ. ಮನೆಗೆ ಮಾತ್ರ ಇಲ್ಲ! ಶರವಣಂಪಟ್ಟಿಯಿಂದ ಅನ್ನೂರು, ಸಿರುಮುಗೈವರೆಗೆ ಕನ್ನಡ ಮಾತಾಡುವ ದೇವಾಂಗ, ಒಕ್ಕಲಿಗ ಮನೆಗಳಲ್ಲಿ ಹೆಚ್ಚಿನವರ ಸ್ಥಿತಿ ಇದೇ. ಇಲ್ಲಿ ಸಮುದ್ರವಿಲ್ಲ, ಚಂಡಮಾರುತ ಬರುವ ಹೊತ್ತಿಗೆ ಸೊರಗಿರುತ್ತದೆ, ಮತ್ತೇಕೆ ಹಣ ಕಟ್ಟಬೇಕು ಎಂಬ ಮಾತು ಸಾಮಾನ್ಯ.

ಆದರೆ ಅಪಾಯ ಸಮುದ್ರದಿಂದಲೇ ಬರಬೇಕೆಂದಿಲ್ಲ. 2019ರ ಡಿಸೆಂಬರ್ 2ರ ಬೆಳಗಿನ ಜಾವ ಮೇಟುಪಾಳಯಂ ಬಳಿಯ ನಡೂರಿನಲ್ಲಿ ಮಳೆಗೆ ನೆನೆದ ಎತ್ತರದ ಕಾಂಪೌಂಡ್ ಗೋಡೆ ಪಕ್ಕದ ಮನೆಗಳ ಮೇಲೆ ಕುಸಿದು, ನಿದ್ದೆಯಲ್ಲಿದ್ದ 17 ಮಂದಿ ಸತ್ತರು. ಹತ್ತು ವರ್ಷ ಹಿಂದೆ, 2009ರ ನವೆಂಬರಿನಲ್ಲಿ, ಅದೇ ಹಿಂಗಾರು ಮಳೆ ನೀಲಗಿರಿಯಲ್ಲಿ ಗುಡ್ಡ ಕುಸಿಸಿ 40ಕ್ಕೂ ಹೆಚ್ಚು ಜನರನ್ನು ಬಲಿ ಪಡೆದಿತ್ತು. ಭೂಕಂಪದ ನೆನಪು ಯಾರಿಗೂ ಇಲ್ಲ. ಇರುವುದಾದರೂ ಹೇಗೆ? 1900ರ ಫೆಬ್ರುವರಿ 8ರಂದು ಕೊಯಮತ್ತೂರು ಸೀಮೆಯಲ್ಲಿ ಸುಮಾರು 6ರ ಪ್ರಮಾಣದ ಭೂಕಂಪವಾಗಿತ್ತು. 2002ರ ಭಾರತೀಯ ಮಾನಕ ನಕ್ಷೆ ಈ ಜಿಲ್ಲೆಯನ್ನು ಮೂರನೇ ವಲಯದಲ್ಲಿ ಇಟ್ಟಿತ್ತು. ಇನ್ನು ಪಾಲ್ಘಾಟ್ ಕಣಿವೆಯಿಂದ ನುಗ್ಗುವ ಮುಂಗಾರು ಗಾಳಿಯ ವಿಷಯ ಹಂಚಿನ, ಶೀಟಿನ ಮನೆಯವರಿಗೆ ಹೇಳಬೇಕಾಗಿಲ್ಲ.

ಮನೆ ಬಿದ್ದರೆ ಸರ್ಕಾರ ಕೊಡುವುದಿಲ್ಲವೇ? ಕೊಡುತ್ತದೆ, ಎಷ್ಟು ಎಂಬುದೇ ಪ್ರಶ್ನೆ. ಕೇಂದ್ರದ ವಿಪತ್ತು ಪರಿಹಾರ ನಿಧಿಯ 2022-26ರ ಮಾನದಂಡದಲ್ಲಿ ಬಯಲುಸೀಮೆಯಲ್ಲಿ ಪೂರ್ತಿ ನಾಶವಾದ ಮನೆಗೆ 1.20 ಲಕ್ಷ ರೂ., ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂ. ಇತ್ತು. ಇದರ ಮೇಲೆ ರಾಜ್ಯಗಳು ತಮ್ಮ ಕಡೆಯಿಂದ ಸೇರಿಸುವುದುಂಟು. 2019ರ ನೆರೆಯಲ್ಲಿ ಕರ್ನಾಟಕ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂ. ಘೋಷಿಸಿತ್ತು. ಅದು ಆಯಾ ಸರ್ಕಾರದ ಆ ಹೊತ್ತಿನ ತೀರ್ಮಾನ, ಹಕ್ಕಲ್ಲ. 6,500 ರೂಪಾಯಿಗೆ ಒಂದು ಗೋಡೆಯೂ ಏಳುವುದಿಲ್ಲ.

ಭಾರತ್ ಗೃಹ ರಕ್ಷಾ

2021ರ ಏಪ್ರಿಲ್ 1ರಿಂದ ಮನೆಗಳಿಗೆ ದೇಶಾದ್ಯಂತ ಒಂದೇ ಮಾದರಿಯ ಪಾಲಿಸಿ ಇದೆ. ಹೆಸರು ಭಾರತ್ ಗೃಹ ರಕ್ಷಾ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ ಬೆಂಕಿ ವಿಮೆ ಮಾಡುವ ಕಂಪನಿಗಳೆಲ್ಲ ಇದನ್ನು ಕೊಡಲೇಬೇಕು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ, ಕಾಡ್ಗಿಚ್ಚು, ಗಲಭೆ ಎಲ್ಲ ಒಳಗೇ ಇವೆ. ಮರವೋ ಪಕ್ಕದ ಗೋಡೆಯೋ ಮೇಲೆ ಬಿದ್ದರೂ ಸಿಗುತ್ತದೆ. ಹಿಂದಿನ ಪಾಲಿಸಿಯಲ್ಲಿ ಭೂಕಂಪಕ್ಕೆ ಬೇರೆ ಹಣ ಕಟ್ಟಬೇಕಿತ್ತು. ಬಿರುಗಾಳಿ, ನೆರೆಯನ್ನು ಬಿಟ್ಟುಕೊಟ್ಟು ಕಂತು ಕಡಿಮೆ ಮಾಡಿಕೊಳ್ಳುವ ದಾರಿಯೂ ಇತ್ತು. ಹಾಗೆ ಉಳಿಸಿದವರು ನೀರು ಬಂದಾಗ ಬರಿಗೈಯಲ್ಲಿ ನಿಂತರು.

ವಿಮೆಯ ಮೊತ್ತ ನಿರ್ಧಾರವಾಗುವುದು ಮನೆಯನ್ನು ಮತ್ತೆ ಕಟ್ಟುವ ಖರ್ಚಿನ ಮೇಲೆ, ಸೈಟಿನ ಬೆಲೆಯ ಮೇಲಲ್ಲ. ಐಟಿ ಕಂಪನಿಗಳು ಬಂದ ಮೇಲೆ ಶರವಣಂಪಟ್ಟಿಯ ಸೈಟಿಗೆ ಚಿನ್ನದ ಬೆಲೆ. ಆದರೆ ನೆಲ ಸುಡುವುದೂ ಇಲ್ಲ, ಬೀಳುವುದೂ ಇಲ್ಲ. ಸೈಟು ಸೇರಿಸಿ ವಿಮೆ ಮಾಡಿಸಿದರೆ ಹೆಚ್ಚುವರಿ ಕಂತು ದಂಡ.

ಉದಾಹರಣೆಗೆ, ಒಳಗಿನ ಅಳತೆ 800 ಚದರಡಿಯ ಮನೆ, ಚದರಡಿಗೆ ಕಟ್ಟುವ ಖರ್ಚು 1,800 ರೂ. ಎನ್ನಿ. ಕಟ್ಟಡಕ್ಕೆ 14.40 ಲಕ್ಷ ರೂ. ಆಯಿತು. ಮನೆಯ ಸಾಮಾನಿಗೆ ಪಟ್ಟಿ ಕೊಡದೆಯೇ ಅದರ ಶೇ. 20, ಗರಿಷ್ಠ 10 ಲಕ್ಷದವರೆಗೆ, ತಾನಾಗಿ ಸೇರುತ್ತದೆ. ಇಲ್ಲಿ ಅದು 2.88 ಲಕ್ಷ. ಒಟ್ಟು 17.28 ಲಕ್ಷ. ಕಂಪನಿಯವರು ಸಾವಿರಕ್ಕೆ 40 ಪೈಸೆ ದರ ಹೇಳಿದರೆ ವರ್ಷಕ್ಕೆ 691 ರೂ., ಶೇ. 18 ಜಿಎಸ್‌ಟಿ ಸೇರಿ ಸುಮಾರು 816 ರೂ. ಈ 40 ಪೈಸೆ ಬರೀ ಲೆಕ್ಕಕ್ಕೆ ಹಿಡಿದದ್ದು; ದರ ಕಂಪನಿಯಿಂದ ಕಂಪನಿಗೆ ಬೇರೆ. ಗರಿ, ಬಿದಿರು, ಟಾರ್ಪಾಲಿನ ಮನೆಯನ್ನು ಕಚ್ಚಾ ಎಂದೇ ಎಣಿಸುತ್ತಾರೆ. ಮೂರು ಕಡೆ ದರ ಕೇಳುವುದು ಒಳ್ಳೆಯದು. ಹತ್ತು ವರ್ಷಕ್ಕೆ ಒಟ್ಟಿಗೇ ಮಾಡಿಸಲೂಬಹುದು.

ಮೊತ್ತ ಕಡಿಮೆ ಬರೆಸಿದ್ದರೆ? ಹಳೆಯ ಪಾಲಿಸಿಯಲ್ಲಿ ಅರ್ಧ ಬೆಲೆಗೆ ವಿಮೆ ಮಾಡಿಸಿದವರಿಗೆ ಲಕ್ಷ ರೂಪಾಯಿ ನಷ್ಟವಾದರೆ ಐವತ್ತು ಸಾವಿರವೇ ಸಿಗುತ್ತಿತ್ತು. ಭಾರತ್ ಗೃಹ ರಕ್ಷಾದಲ್ಲಿ ಆ ಕಡಿತವಿಲ್ಲ. ಅಳತೆಯನ್ನು ಮಾತ್ರ ಸರಿಯಾಗಿ ಬರೆಸಬೇಕು.

ಮಗ್ಗ ಇದ್ದರೆ ಎಚ್ಚರ

ನೇಕಾರರ ಮನೆಗಳಲ್ಲಿ ತಪ್ಪುವುದು ಇಲ್ಲೇ. ಇದು ವಾಸದ ಮನೆಯ ಪಾಲಿಸಿ. ನಡುಮನೆಯ ಮಗ್ಗ, ನೂಲು, ನೇಯ್ದಿಟ್ಟ ಸೀರೆ ವ್ಯಾಪಾರದ ಸಾಮಾನು. ಗುಂಡಿ ಮಗ್ಗಕ್ಕೆ ನೀರು ನುಗ್ಗಿದರೆ ಮಂಚಕ್ಕೆ, ಬೀರುವಿಗೆ ಹಣ ಬರಬಹುದು, ಸೀರೆಗೆ ಬರುವುದಿಲ್ಲ. ಅದಕ್ಕೆಂದೇ ಅದೇ ದಿನ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಇನ್ನೊಂದು ಪಾಲಿಸಿ ಇದೆ. ಮನೆಯಲ್ಲಿ ಮಗ್ಗ ಇರುವುದನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಒಡವೆಗೆ ಬೇರೆ ಸೇರ್ಪಡೆ ಮಾಡಿಸಬೇಕು.

ಕಪ್ಪು ಎರೆಮಣ್ಣಿನ ಊರುಗಳಲ್ಲಿ ಬೇಸಿಗೆಗೆ ಗೋಡೆ ಬಿರುಕು ಬಿಡುತ್ತದೆ. ಸಾಮಾನ್ಯ ಬಿರುಕು, ಹೊಸ ಕಟ್ಟಡ ಕೂರುವುದು, ತುಂಬಿದ ಮಣ್ಣು ಇಳಿಯುವುದು, ಕೆಟ್ಟ ಕಾಮಗಾರಿ ಇವಕ್ಕೆ ವಿಮೆ ಇಲ್ಲ. ಶಾರ್ಟ್ ಸರ್ಕ್ಯೂಟಿನಿಂದ ಟಿವಿ ಮಾತ್ರ ಕೆಟ್ಟರೆ ಟಿವಿಗೆ ಇಲ್ಲ. ಅದರಿಂದ ಮನೆ ಹತ್ತಿ ಉರಿದರೆ ಉಳಿದದ್ದಕ್ಕೆ ಉಂಟು. ಕಾಡಂಚಿನವರು ಆನೆ ಗೋಡೆ ಕೆಡವಿದರೆ ಹೇಗೆ ಎಂದು ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಬೇಕು.

ಬ್ಯಾಂಕ್ ಸಾಲದಲ್ಲಿ ಕಟ್ಟಿದವರು ವಿಮೆ ಇದೆ ಎಂದು ನಿಶ್ಚಿಂತರಾಗಿರುತ್ತಾರೆ. ಕಾಗದ ತೆಗೆದು ನೋಡಲಿ. ಕೆಲವೊಮ್ಮೆ ಅದು ಸಾಲಗಾರನ ಜೀವ ವಿಮೆ, ಕೆಲವೊಮ್ಮೆ ಸಾಲದಷ್ಟಕ್ಕೇ ಮಾಡಿಸಿದ ಕಟ್ಟಡದ ವಿಮೆ.

ಹಾನಿಯಾದ ಕೂಡಲೇ ಕಂಪನಿಗೆ ತಿಳಿಸಿ, ಸರ್ವೇಯರ್ ಬರುವ ಮುನ್ನ ಅವಶೇಷ ಎತ್ತದೆ ಫೋಟೊ ತೆಗೆದಿಡಬೇಕು. ಪಟ್ಟಾ, ಮನೆ ತೆರಿಗೆ ರಸೀದಿ ತಮಿಳಿನಲ್ಲಿರುತ್ತವೆ. ಅವುಗಳಲ್ಲಿನ ಹೆಸರೂ ಪಾಲಿಸಿಯ ಹೆಸರೂ ಒಂದೇ ಇರಲಿ. ಅಪ್ಪನ ಹೆಸರಿನ ಮನೆಗೆ ಮಗ ವಿಮೆ ಮಾಡಿಸಿ ತೊಡಕಾಗುವುದೇ ಹೆಚ್ಚು. ಹಣ ನಿರಾಕರಿಸಿದರೆ ಮೊದಲು ಕಂಪನಿಗೆ ಬರೆದು, 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ತಮಿಳುನಾಡಿನವರಿಗೆ ಕಚೇರಿ ಚೆನ್ನೈ, ಗಡಿಯಾಚೆ ಚಾಮರಾಜನಗರದವರಿಗೆ ಬೆಂಗಳೂರು. ಪ್ರಾಧಿಕಾರದ ಉಚಿತ ದೂರವಾಣಿ 155255.