ಚಿನ್ನ ಹೋಯಿತು, ಗುಡ್ಡ ಉಳಿಯಿತು

ಕೋಲಾರ ಜಿಲ್ಲೆಯ ಕೆಜಿಎಫ್‌ಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಬೋಳು ಬೋಳಾದ ಬೂದುಬಣ್ಣದ ಗುಡ್ಡಗಳು. ಊರಿನವರು ಇವನ್ನು ‘ಸೈನೈಡ್ ಗುಡ್ಡ’ ಎನ್ನುತ್ತಾರೆ. ಇವು ನಿಸರ್ಗ ಕೊಟ್ಟ ಗುಡ್ಡಗಳಲ್ಲ. ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ. ಕಲ್ಲಿನಿಂದ ಚಿನ್ನವನ್ನು ಬೇರ್ಪಡಿಸಿದ ಈ ಕಥೆಯಲ್ಲಿ ಶಾಲೆಯ ರಸಾಯನಶಾಸ್ತ್ರದ ಮೊದಲ ಪಾಠಗಳೆಲ್ಲ ಅಡಗಿವೆ.

ಕಬ್ಬಿಣದ ಅದಿರಿನಲ್ಲಿ ಕಬ್ಬಿಣವು ಆಮ್ಲಜನಕದೊಂದಿಗೆ ಕೂಡಿಕೊಂಡಿರುತ್ತದೆ. ಅದು ಸಂಯುಕ್ತ; ಕುಲುಮೆಯಲ್ಲಿ ರಾಸಾಯನಿಕ ಕ್ರಿಯೆ ನಡೆಯದೆ ಲೋಹ ಕೈಗೆ ಬಾರದು. ಚಿನ್ನದ ಸ್ವಭಾವವೇ ಬೇರೆ. ಅದು ಬೇರೆ ಧಾತುಗಳೊಡನೆ ಸುಲಭವಾಗಿ ಕೂಡುವುದಿಲ್ಲ. ಕೋಲಾರದ ಬೆಣಚುಕಲ್ಲಿನಲ್ಲಿ ಅದು ಚಿನ್ನವಾಗಿಯೇ, ಸಣ್ಣ ಕಣಗಳಾಗಿ ಹುದುಗಿತ್ತು. ಇದು ಮಿಶ್ರಣ. ಮಿಶ್ರಣದಲ್ಲಿ ಪ್ರತಿಯೊಂದು ವಸ್ತುವೂ ತನ್ನ ಗುಣವನ್ನು ಉಳಿಸಿಕೊಂಡಿರುತ್ತದೆ. ಬೇರ್ಪಡಿಸುವವರು ಹಿಡಿಯುವುದು ಆ ಗುಣವನ್ನೇ.

ಮೊದಲಿಗೆ ಹಿಡಿದದ್ದು ತೂಕ. ಚಿನ್ನವು ನೀರಿಗಿಂತ 19 ಪಟ್ಟು ಭಾರ, ಬೆಣಚುಕಲ್ಲು ಮೂರು ಪಟ್ಟೂ ಇಲ್ಲ. ಅಕ್ಕಿಯನ್ನು ನೀರಿನಲ್ಲಿ ಜಾಲಿಸಿದಾಗ ಕಲ್ಲು ತಳಕ್ಕೆ ನಿಲ್ಲುವಂತೆ, ಮಣ್ಣು ತೊಳೆದಾಗ ಚಿನ್ನ ತಳದಲ್ಲಿ ಉಳಿಯುತ್ತದೆ. 1802ರಲ್ಲಿ ಮೈಸೂರು ಸಂಸ್ಥಾನದ ಗಡಿ ಸರ್ವೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಎದುರು ಊರಿಗಾಂನ ಹಳ್ಳಿಗರು ಹೀಗೆಯೇ ಮಣ್ಣು ತೊಳೆದು ಚಿನ್ನ ತೋರಿಸಿದ್ದರು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಇಲ್ಲಿಗೆ ಬಂದ ನಂತರ ಎರಡನೆಯ ಗುಣಕ್ಕೆ ಕೈಹಾಕಲಾಯಿತು. ಅದಿರನ್ನು ಕುಟ್ಟಿ ಪುಡಿ ಮಾಡಿ, ನೀರಿನೊಂದಿಗೆ ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸುತ್ತಿದ್ದರು. ಚಿನ್ನ ಪಾದರಸಕ್ಕೆ ಅಂಟುತ್ತಿತ್ತು, ಕಲ್ಲಿನ ಪುಡಿ ಹರಿದುಹೋಗುತ್ತಿತ್ತು. ಅಂಟಿದ್ದನ್ನು ಕಾಯಿಸಿದರೆ ಪಾದರಸ 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗುತ್ತದೆ, ಚಿನ್ನ ಉಳಿಯುತ್ತದೆ. ಆವಿಯನ್ನು ತಣಿಸಿದರೆ ಪಾದರಸ ಮತ್ತೆ ಕೈಸೇರುತ್ತದೆ.

ಇಷ್ಟಾದರೂ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನ ಪುಡಿಯಲ್ಲೇ ಉಳಿದುಬಿಡುತ್ತಿತ್ತು. ಇದಕ್ಕೆ ಪರಿಹಾರ ದೊರೆತದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. 1887ರಲ್ಲಿ ರಸಾಯನಶಾಸ್ತ್ರಜ್ಞ ಜಾನ್ ಸ್ಟುವರ್ಟ್ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು ಸೈನೈಡ್ ವಿಧಾನಕ್ಕೆ ಪೇಟೆಂಟ್ ಪಡೆದರು. ತೆಳುವಾದ ಸೈನೈಡ್ ದ್ರಾವಣ, ಅದರ ಜೊತೆಗೆ ಗಾಳಿಯ ಆಮ್ಲಜನಕ ಸಿಕ್ಕಿದರೆ, ಯಾರಿಗೂ ಜಗ್ಗದ ಚಿನ್ನವೂ ಕರಗುತ್ತದೆ. ಇದು ತೊಳೆಯುವಿಕೆಯಲ್ಲ, ರಾಸಾಯನಿಕ ಕ್ರಿಯೆ. ಹೊಸ ಸಂಯುಕ್ತವೇ ಹುಟ್ಟುತ್ತದೆ. ದ್ರಾವಣವನ್ನು ಸೋಸಿ ಅದಕ್ಕೆ ಸತುವನ್ನು ಸೇರಿಸಿದರೆ, ಸತು ಚಿನ್ನದ ಜಾಗಕ್ಕೆ ಹೋಗಿ ಕುಳಿತು ಚಿನ್ನವನ್ನು ಹೊರಹಾಕುತ್ತದೆ. ಸೈನೈಡ್ ಘೋರ ವಿಷ. ದ್ರಾವಣ ಆಮ್ಲೀಯವಾದರೆ ವಿಷಾನಿಲ ಏಳುತ್ತದೆ. ಅದನ್ನು ತಡೆಯಲು ಸುಣ್ಣ ಬೆರೆಸುತ್ತಾರೆ.

ಒಟ್ಟಿನಲ್ಲಿ ಕೋಲಾರ ಕೊಟ್ಟ ಚಿನ್ನ ಸುಮಾರು 800 ಟನ್. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಗುಡ್ಡಗಳಲ್ಲಿರುವ ಪುಡಿ ಸುಮಾರು 3.3 ಕೋಟಿ ಟನ್.

ರಾಸಾಯನಿಕ ಕ್ರಿಯೆಯಲ್ಲಿ ವಸ್ತುವಿನ ಒಟ್ಟು ತೂಕ ಬದಲಾಗದು ಎಂದು ಫ್ರಾನ್ಸಿನ ಲವಾಸಿಯೇ 18ನೇ ಶತಮಾನದಲ್ಲೇ ತೋರಿಸಿದ್ದ. ಬೇಕಾದದ್ದನ್ನು ತೆಗೆದುಕೊಂಡರೆ ಬೇಡವಾದದ್ದು ಮಾಯವಾಗುವುದಿಲ್ಲ. ಬಿಸಿಲು, ಗಾಳಿಗೆ ಸೈನೈಡ್ ಕಾಲಕ್ರಮೇಣ ವಿಭಜನೆಗೊಳ್ಳುತ್ತದೆ. ನುಣುಪಾದ ಕಲ್ಲಿನ ಪುಡಿ ಹಾಗೇ ಇರುತ್ತದೆ. ಗಾಳಿ ಎದ್ದಾಗ ಅದು ಕಾರ್ಮಿಕರ ಕಾಲೊನಿಗಳ ಮನೆಯೊಳಗೂ ನುಗ್ಗುತ್ತದೆ. ಇಂಥ ದೂಳೇ ಶ್ವಾಸಕೋಶಕ್ಕೆ ಸೇರಿ ತರುವ ಸಿಲಿಕೋಸಿಸ್ ರೋಗವನ್ನು ಗಣಿಯೊಳಗೆ ಇಳಿದವರು ಚೆನ್ನಾಗಿ ಬಲ್ಲರು.

ಗುಡ್ಡಗಳಲ್ಲಿ ಇನ್ನೂ ಅಲ್ಪಸ್ವಲ್ಪ ಚಿನ್ನವಿದೆ. 13 ಗುಡ್ಡಗಳಿಂದ ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಟನ್ ಪುಡಿಯಿಂದ ಒಂದು ಗ್ರಾಂ ಚಿನ್ನ ಸಿಕ್ಕರೂ ಟನ್ ಪುಡಿ ಹಾಗೆಯೇ ಉಳಿಯುತ್ತದೆ. ಈ ಬಾರಿ ಅದನ್ನು ಎಲ್ಲಿ ಹಾಕುತ್ತಾರೆ, ಹೇಗೆ ಮುಚ್ಚುತ್ತಾರೆ ಎಂಬುದು ಚಿನ್ನದ ಲೆಕ್ಕಕ್ಕಿಂತ ಮೊದಲು ಇತ್ಯರ್ಥವಾಗಬೇಕು.