ಕೊಟ್ಟೂರ ಹಾದಿಯ ಕಾಲ್ನಡೆ

ಮಾಘ ಬಹುಳದ ಮೂಲಾ ನಕ್ಷತ್ರದಂದು ಕೊಟ್ಟೂರಿನಲ್ಲಿ ಶ್ರೀ ಗುರು ಬಸವೇಶ್ವರನ ರಥೋತ್ಸವವು ಜರುಗುತ್ತದೆ. ಅದಕ್ಕೆ ಮುಂಚಿನ ಎರಡು ಮೂರು ದಿನಗಳಿಂದಲೇ ದಾವಣಗೆರೆ, ಹರಪನಹಳ್ಳಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಕಡೆಯ ಹಾದಿಗಳಲ್ಲಿ ಕಾಲ್ನಡೆಯ ಭಕ್ತರು ಕಾಣಬರುತ್ತಾರೆ. ಈ ನಡಿಗೆ ಪುರಾತನವಾದುದೆಂದು ಸಾಮಾನ್ಯ ಭಾವನೆ. ನಡಿಗೆ ಪುರಾತನವೇ ಸರಿ. ಅದರ ಅರ್ಥ ಮಾತ್ರ ಹೊಸದು.

ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಹಳಿ ಬಂದುದು 1905ರಲ್ಲಿ. ಅದಕ್ಕೂ ಮೊದಲು ಬಂಡಿಯಿಲ್ಲದವನಿಗೆ ನಡೆಯದೆ ಗತ್ಯಂತರವಿರಲಿಲ್ಲ. ಗತ್ಯಂತರವಿಲ್ಲದುದನ್ನು ವ್ರತವೆನ್ನಲಾಗದು. ಕುಳಿತು ಹೋಗುವ ಅನುಕೂಲ ಒದಗಿದ ಮೇಲೂ ಅದನ್ನು ತಾನಾಗಿ ಬಿಟ್ಟು ನಡೆದಾಗಲೇ ನಡಿಗೆ ವ್ರತವಾಯಿತು. ಈ ದೃಷ್ಟಿಯಿಂದ ಪಾದಯಾತ್ರೆಯು ರೈಲು ಮತ್ತು ಬಸ್ಸುಗಳ ಯುಗದ ಆಚರಣೆಯೇ ಹೌದು.

ಆದರೆ ಕಷ್ಟವೆಲ್ಲ ಹಿತವೆಂದು ಹೇಳುವವರು ಈ ಸೀಮೆಯ ಚರಿತ್ರೆಯನ್ನೊಮ್ಮೆ ನೋಡಬೇಕು. 1876–78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಅತಿಯಾಗಿ ನೊಂದ ಜಿಲ್ಲೆಗಳಲ್ಲೊಂದು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಬರಗಾಮಗಾರಿಯ ಕೂಲಿಯಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೊಂದು ಆಣೆ ಸಾಕೆಂದನು. ದುಡಿಯುವ ದೇಹಕ್ಕೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಪ್ರತಿಭಟಿಸಿದನು. ಉಂಡವನು ಹಸಿದವನಿಗೆ ವಿಧಿಸಿದ ಮಿತಾಹಾರವದು! ಅದನ್ನೂ, ಭಕ್ತನು ಸ್ವೇಚ್ಛೆಯಿಂದ ಹಿಡಿಯುವ ಉಪವಾಸವನ್ನೂ ಒಂದೇ ತಕ್ಕಡಿಯಲ್ಲಿಡುವುದು ಅನ್ಯಾಯ.

ಹಾಗಾದರೆ ತಾನಾಗಿ ಒಪ್ಪಿದ ಶ್ರಮದಿಂದ ಲಭಿಸುವುದೇನು? ವರ್ಷವೆಲ್ಲ ಗಾದಿಯ ಮೇಲೆ ಕುಳಿತ ವರ್ತಕನ ಅಂಗಾಲಿಗೂ, ಅವನ ಹಮಾಲನ ಅಂಗಾಲಿಗೂ ಈ ಹಾದಿ ಒಂದೇ. ಬೊಬ್ಬೆಗಳು ಬಹುಶಃ ವರ್ತಕನಿಗೇ ಮೊದಲು ಏಳುತ್ತವೆ. ಅಂದು ಅವನು ನೀಡುವವನಲ್ಲ, ಬೇಡುವವನು. ಹಾದಿಬದಿಯ ಹಳ್ಳಿಗರು ಕೊಟ್ಟ ನೀರು ಮಜ್ಜಿಗೆಗಳೇ ಅವನಿಗೆ ಆಧಾರ. ದಾಸೋಹವೆಂಬ ಶಬ್ದವನ್ನು ಪಂಕ್ತಿಯ ಈ ಬದಿಯಿಂದ ಅರಿಯುವ ಅವಕಾಶ ಉಳ್ಳವರಿಗೆ ಬೇರೆಲ್ಲಿ ದೊರೆತೀತು?

ಕೊಟ್ಟೂರೇಶ್ವರನೊಡನೆ ಪಂಚಗಣಾಧೀಶರಲ್ಲಿ ಎಣಿಸಲ್ಪಡುವ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿ, ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಕೊಡಿಸಿದರೆಂದು ಪ್ರತೀತಿ. ಬೆವರಿಗೆ ಬೆಲೆಯುಂಟು, ನೀರೂ ಉಂಟು. ಟೆಂಪಲನ ಲೆಕ್ಕಕ್ಕೂ ಈ ಲೆಕ್ಕಕ್ಕೂ ಇರುವ ಅಂತರವು ವಿಚಾರಣೀಯ.

ಈಚೆಗೆ ಕೆಲವು ತಂಡಗಳ ಹಿಂದೆ ಹಾಸಿಗೆ, ಧ್ವನಿವರ್ಧಕಗಳನ್ನು ಹೊತ್ತ ವಾಹನವೂ ಬರುತ್ತದೆ. ನಡಿಗೆಯ ಮೌನಕ್ಕೆ ಅದರಿಂದ ನಷ್ಟವೇ. ಆದರೆ ತೇರು ಮುಗಿದ ಮೇಲೆ ಬಸ್ಸು ಹಿಡಿದು ಊರಿಗೆ ಮರಳುವವರನ್ನು ಆಕ್ಷೇಪಿಸಲು ಕಾರಣವಿಲ್ಲ. ಅವರ ಹರಕೆ ಹೋಗುವ ಹಾದಿಯದು ಮಾತ್ರ.