ಊರಿನ ಎಲ್ಲೆ ಹೊತ್ತ ತಲೆ, ಚಕ್ಕುಬಂದಿ ಇಲ್ಲದ ಜಮೀನು



ಸ್ವಲ್ಪ ಉದ್ದ ಇದೆ, ಆದರೂ ಪೂರ್ತಿ ಓದಿ. ಮನೆಯಲ್ಲಿ ಜಮೀನಿನ ಕಾಗದ ಇದ್ದರೆ ಪಕ್ಕದಲ್ಲಿಟ್ಟುಕೊಂಡು ಓದಿ.

ಹಾಸನ ಸೀಮೆಯಲ್ಲಿ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಮೆಕೆಂಜಿ 1873ರಲ್ಲಿ ನಮ್ಮ ಹೊಲೆಯರ ಬಗ್ಗೆ ಒಂದು ಲೇಖನ ಬರೆದ. ಎರಡು ಊರುಗಳ ನಡುವೆ ಗಡಿ ಜಗಳ ಬಂದರೆ ಆಗ ಏನು ಮಾಡುತ್ತಿದ್ದರು ಅಂತ ಅದರಲ್ಲಿದೆ. ಊರಿನ ಕುಳವಾಡಿಯನ್ನು ಕರೆಸುತ್ತಿದ್ದರು. ಊರ ಮಣ್ಣಿನ ಉಂಡೆ ಮಾಡಿ, ನಡುವೆ ನೀರಿಟ್ಟು, ಅವನ ತಲೆ ಮೇಲೆ ಹೊರಿಸುತ್ತಿದ್ದರು. ಅವನು ನಡೆದದ್ದೇ ಗಡಿ. ದಾರಿ ತಪ್ಪಿದರೆ ಉಂಡೆ ಒಡೆಯುತ್ತೆ, ಹದಿನೈದು ದಿನದೊಳಗೆ ಅವನು ಸಾಯ್ತಾನೆ ಅನ್ನೋದು ಜನರ ನಂಬಿಕೆ.

ಯೋಚನೆ ಮಾಡಿ. ಊರಿನ ಎಲ್ಲೆ ಯಾವುದು ಅಂತ ಹೇಳೋ ಅಧಿಕಾರ ಹೊಲಗೇರಿಯವನದ್ದು. ಎಲ್ಲೆಯ ಒಳಗೆ ಅವನದು ಅಂತ ಬರೆದ ಹೊಲ ಮಾತ್ರ ಅಪರೂಪ. ತೋಟಿ, ತಳವಾರಿಕೆ ಚಾಕರಿಗೆ ಕೊಟ್ಟ ಇನಾಮು ಭೂಮಿ ಇದ್ದರೂ ಅದು ಚಾಕರಿಗೆ ಕಟ್ಟಿದ್ದು.

ಇನ್ನೂ ಹಿಂದಕ್ಕೆ ಹೋಗಿ, ತಾಮ್ರಶಾಸನಗಳನ್ನು ನೋಡಿ. ರಾಜನ ಹೊಗಳಿಕೆ ಸಂಸ್ಕೃತದಲ್ಲಿ ಇದ್ದರೂ ದಾನ ಕೊಟ್ಟ ಭೂಮಿಯ ಎಲ್ಲೆ ಬಂದ ಕೂಡಲೇ ಎಷ್ಟೋ ಶಾಸನಗಳು ಕನ್ನಡಕ್ಕೆ ಇಳಿಯುತ್ತವೆ. ಮೂಡಲು ಇಂಥ ಹುತ್ತ, ತೆಂಕಲು ಇಂಥ ಕೆರೆ, ಪಡುವಲು ಇಂಥ ಆಲದ ಮರ, ಬಡಗಲು ನಟ್ಟ ಕಲ್ಲು. ಹೊಗಳಿಕೆ ಯಾರಿಗೆ ಅರ್ಥವಾಗದಿದ್ದರೂ ನಡೆಯುತ್ತೆ, ಎಲ್ಲೆ ಊರಿನವರಿಗೆ ಅರ್ಥವಾಗಲೇಬೇಕು. ಬ್ರಾಹ್ಮಣರಿಗೆ, ದೇವಸ್ಥಾನಕ್ಕೆ ಕೊಟ್ಟ ಭೂಮಿಗೆ ವಾಮನಮುದ್ರೆ ಕಲ್ಲು, ಲಿಂಗಮುದ್ರೆ ಕಲ್ಲು ನೆಟ್ಟರು. ಆ ಕಲ್ಲುಗಳು ಇವತ್ತಿಗೂ ಹೊಲಗಳಲ್ಲಿ ನಿಂತಿವೆ. ಉಳಿಸಿಕೊಳ್ಳಬೇಕಾದ ಭೂಮಿಯ ಎಲ್ಲೆಯನ್ನು ಸರಿಯಾಗಿ ಬರೆಯಬೇಕು ಅನ್ನೋದು ಉಳ್ಳವರಿಗೆ ಆಗಲೇ ಗೊತ್ತಿತ್ತು.

ಮೈಸೂರು ಸೀಮೆಗೆ 1863ರಲ್ಲಿ ಬಾಂಬೆ ಪದ್ಧತಿಯ ಕಂದಾಯ ಸರ್ವೆ ಬಂತು. 33 ಅಡಿ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ, ಅಂದರೆ 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಪ್ರತಿ ಹೊಲಕ್ಕೂ ನಂಬರು, ಮೂಲೆಗೆ ಬಾಂದುಕಲ್ಲು, ಕಚೇರಿಯಲ್ಲಿ ಟಿಪ್ಪಣಿ. ಕುಳವಾಡಿಯ ನೆನಪಿನ ಜಾಗಕ್ಕೆ ಕಾಗದ ಬಂತು. ಆ ಕಾಗದ ಓದಲು ಬರುತ್ತಿದ್ದವನು ಶಾನುಭೋಗ.

ಆಮೇಲೆ ನಮಗೂ ಭೂಮಿ ಬಂತು. ದರಖಾಸ್ತಿನಲ್ಲಿ ಮಂಜೂರಾಯಿತು, ಸಾಗುವಳಿ ಚೀಟಿ ಸಿಕ್ಕಿತು. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಆಗಿ, ಇನಾಮು ಭೂಮಿ ಮರುಮಂಜೂರಾಯಿತು. ಆದರೆ ಹೇಗೆ ಬರೆದರು? ಒಂದೇ ದೊಡ್ಡ ಸರ್ಕಾರಿ ಸರ್ವೆ ನಂಬರಿನಲ್ಲಿ ಹತ್ತಾರು ಜನಕ್ಕೆ ಕೊಟ್ಟು, ಎಷ್ಟೋ ಕಡೆ ಅಳೆದು ಪೋಡಿ ಮಾಡದೆ ಬಿಟ್ಟರು. ಪಹಣಿಯಲ್ಲಿ ಒಂದೇ ಪದ: ‘ಪೈಕಿ’. ಪೈಕಿ ಅಂದ್ರೆ ಆ ನಂಬರಿನೊಳಗೆ ಎಲ್ಲೋ ಒಂದು ಕಡೆ. ಎಲ್ಲಿ ಅಂತ ಕಾಗದ ಹೇಳಲ್ಲ. ಎಲ್ಲಿ ಅಂತ ಹೇಳದ ಭೂಮಿಯನ್ನು ಪಕ್ಕದವನು ವರ್ಷಕ್ಕೆ ಎರಡು ಸಾಲು ಉಳುತ್ತಾ ಬಂದರೆ ಸಾಕು, ಇಪ್ಪತ್ತು ವರ್ಷದಲ್ಲಿ ಮುಗೀತು. ಹೊಡೆದಾಟ ಬೇಕಿಲ್ಲ.

ನಮ್ಮ ಮಂಜೂರಾತಿ ಭೂಮಿ ಕಾಪಾಡಲು 1978ರ ಪಿಟಿಸಿಎಲ್ ಕಾಯ್ದೆ ಇದೆ. ಷರತ್ತು ಮುರಿದು ಮಾರಿದ್ದು ಅಸಿಂಧು, ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಿ ವಾಪಸ್ ಪಡೀಬಹುದು. ತಡವಾಗಿ ಬಂದಿರಿ ಅಂತ ಅರ್ಜಿಗಳು ವಜಾ ಆಗುತ್ತಿದ್ದವು. ದಲಿತ ಸಂಘಟನೆಗಳ ಹೋರಾಟದ ಮೇಲೆ 2023ರಲ್ಲಿ ತಿದ್ದುಪಡಿ ಬಂದು, ಕಾಲಮಿತಿ ಇಲ್ಲ ಅಂತ ಆಯಿತು. ಸಂತೋಷ. ಆದರೆ ಆದೇಶ ನಮ್ಮ ಕಡೆ ಆದ ಮೇಲೂ ‘ಇದೇ ಆ ಜಮೀನು’ ಅಂತ ನೆಲದ ಮೇಲೆ ತೋರಿಸಬೇಕಲ್ಲ? ಅಲ್ಲಿ ಸೋಲುತ್ತೇವೆ.

ನಾನು ಗುಮಾಸ್ತ. ಜಮೀನಿನ ಷೆಡ್ಯೂಲು ಟೈಪ್ ಮಾಡಿ ಮಾಡಿ ಕಲಿತದ್ದನ್ನು ಹೇಳ್ತೀನಿ. 1908ರ ನೋಂದಣಿ ಕಾಯ್ದೆಯ 21ನೇ ಕಲಂ ಪ್ರಕಾರ, ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರ ಇಲ್ಲದಿದ್ದರೆ ಪತ್ರ ನೋಂದಣಿಗೆ ತೆಗೆದುಕೊಳ್ಳುವಂತಿಲ್ಲ. ಸಿವಿಲ್ ದಾವೆಗೂ ಇದೇ ನಿಯಮ. ಹಾಗಾಗಿ ಇವನ್ನು ನೋಡಿ.

1. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ. ಒಂದೂ ಬಿಡಬಾರದು. ಒಂದೇ ಹೆಸರಿನ ಊರುಗಳು ಬೇಕಾದಷ್ಟಿವೆ.

2. ವಿಸ್ತೀರ್ಣವನ್ನು ಎಕರೆ, ಗುಂಟೆ ಅಂತ ಬಿಡಿಸಿ, ಅಕ್ಷರದಲ್ಲೂ ಬರೆಸಿ. ಒಂದೂವರೆ ಎಕರೆ ಅಂದರೆ 1 ಎಕರೆ 20 ಗುಂಟೆ. ಯಾರೋ 1.5 ಅಂತ ಬರೆದು, ಇನ್ಯಾರೋ ಅದನ್ನು 1 ಎಕರೆ 5 ಗುಂಟೆ ಅಂತ ಓದಿದರೆ 15 ಗುಂಟೆ ಹೋಯ್ತು. ಖರಾಬು ಎಷ್ಟು ಅಂತಲೂ ನೋಡಿ.

3. ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಗೌಡರ ಜಮೀನು’ ಅಂದರೆ ಸಾಲದು. ಗೌಡರು ಸಾಯ್ತಾರೆ, ಮಾರ್ತಾರೆ. ಹೆಸರಿನ ಜೊತೆ ಸರ್ವೆ ನಂಬರ್ ಇರಲಿ. ಹಳ್ಳ, ರಸ್ತೆ, ಬಾಂದುಕಲ್ಲು ಇದ್ದರೆ ಅದನ್ನೂ ಸೇರಿಸಿ.

4. ವಿಸ್ತೀರ್ಣಕ್ಕೂ ಎಲ್ಲೆಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ನ್ಯಾಯಾಲಯ ಎಲ್ಲೆಯನ್ನೇ ನಂಬುತ್ತೆ. ಪತ್ರದಲ್ಲಿ 2 ಎಕರೆ ಇದೆ ಅಂತ ಸುಮ್ಮನೆ ಕೂರಬೇಡಿ. ನಾಲ್ಕು ಎಲ್ಲೆಯೊಳಗೆ ಅಷ್ಟು ಬರುತ್ತಾ ಅಂತ ಅಳೆಸಿ.

5. ಪಹಣಿಯಲ್ಲಿ ‘ಪೈಕಿ’ ಇದ್ದರೆ ಇವತ್ತೇ ಪೋಡಿಗೆ ಅರ್ಜಿ ಹಾಕಿ. ಒಬ್ಬೊಬ್ಬರೇ ಹೋಗಬೇಡಿ. ಆ ನಂಬರಿನ ಎಲ್ಲಾ ಮಂಜೂರಿದಾರರು ಒಟ್ಟಿಗೆ ಹೋಗಿ, ಸ್ವೀಕೃತಿ ಪಡೆಯಿರಿ.

ಭಾಷಣಕ್ಕೆ ನಾವು ಜನ ಸೇರಿಸುತ್ತೇವೆ, ಸೇರಿಸಬೇಕು. ಅದೇ ಜನ ಅಳತೆಯ ದಿನವೂ ಹೊಲದಲ್ಲಿ ನಿಂತಿರಬೇಕು. ಅಜ್ಜಿಯರು, ಹಿರಿಯರು ಬದುಕಿರುವಾಗಲೇ ಕರೆದುಕೊಂಡು ಹೋಗಿ, ಹಳೇ ಕಲ್ಲು ಎಲ್ಲಿತ್ತು ಅಂತ ಕೇಳಿ, ಫೋಟೋ ತೆಗೆದು, ಬರೆದಿಟ್ಟುಕೊಳ್ಳಿ. ಎಲ್ಲೆ ನೆನಪಿಟ್ಟುಕೊಳ್ಳೋ ವಿದ್ಯೆ ನಮ್ಮದೇ. ಅದನ್ನು ಈ ಸಲ ನಮ್ಮ ಹೆಸರಿನ ಕಾಗದಕ್ಕೆ ಇಳಿಸೋಣ.

ಪೈಕಿ ಸಮಸ್ಯೆ ಇರುವವರು ನಿಮ್ಮ ತಾಲ್ಲೂಕಿನ ಹೆಸರು ಕೆಳಗೆ ಬರೆಯಿರಿ. ಅರ್ಜಿ ಬರೆದುಕೊಡೋಣ.

ಜೈಭೀಮ್.